ಪರದೇಶದ ಓದಿನಲ್ಲಿ ದಾರಿ ಬದಲಾದಾಗ

ಕಳೆದ ವರ್ಷ ಮಾಘಮಾಸದ ಒಂದು ಸಂಜೆ ನಮ್ಮ ಬೀದಿಯ ಕೊನೆಯ ಮನೆಯ ರಾಯರು ನನ್ನ ಜಗಲಿಗೆ ಬಂದು ಬಹಳ ಹೊತ್ತು ಮಾತಿಲ್ಲದೆ ಕುಳಿತರು. ಅವರೇನೂ ಮಿತಭಾಷಿಗಳಲ್ಲ. ಕಾಫಿ ಬಂದಿತು, ಲೋಟದಲ್ಲಿಯೇ ಆರಿಹೋಯಿತು. ಕೊನೆಗೆ, “ಮೇಷ್ಟ್ರೇ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ನಮ್ಮ ಕಥೆ” ಎಂದರು.

ಸಂಗತಿ ಇಷ್ಟು. ಅವರ ಒಬ್ಬನೇ ಮಗನು ಯಂತ್ರಶಿಲ್ಪದ ಪದವಿಗಾಗಿ ಅಮೆರಿಕಕ್ಕೆ ಹೋಗಿ ಎರಡನೆಯ ವರ್ಷ ನಡೆದಿತ್ತು. ಅವನನ್ನು ಕಳುಹಿಸುವುದಕ್ಕಾಗಿ ಪಿತ್ರಾರ್ಜಿತವಾದ ಮನೆಯ ಪತ್ರಗಳನ್ನು ಬ್ಯಾಂಕಿನಲ್ಲಿ ಇಟ್ಟು ಸಾಲ ತಂದಿದ್ದರು. ಹಿಂದಿನ ರಾತ್ರಿ ಮಗನು ದೂರವಾಣಿಯಲ್ಲಿ ಮಾತನಾಡಿ, ಯಂತ್ರಗಳ ಓದು ತನಗೆ ಒಗ್ಗುವುದಿಲ್ಲವೆಂದೂ, ಕಡ್ಡಾಯದ ಸಾಮಾನ್ಯ ಪಾಠವೆಂದು ತೆಗೆದುಕೊಂಡ ಭೂವಿಜ್ಞಾನದಲ್ಲಿಯೇ ತನ್ನ ಮನಸ್ಸು ನೆಟ್ಟಿದೆಯೆಂದೂ, ಈಗಿರುವ ವಿದ್ಯಾಲಯದಲ್ಲಿ ಆ ವಿಭಾಗವೇ ಇಲ್ಲದ ಕಾರಣ ಬೇರೊಂದು ವಿಶ್ವವಿದ್ಯಾಲಯಕ್ಕೆ ಹೋಗಬೇಕೆಂದೂ ತಿಳಿಸಿದ್ದನು. “ಕಲ್ಲು ಒಡೆಯುವುದನ್ನು ಕಲಿಯಲು ಅಮೆರಿಕಕ್ಕೆ ಹೋಗಬೇಕಾಗಿತ್ತೇ?” ಎಂದು ರಾಯರು ಕೇಳಿದರು. ನಗು ಬರುವ ಮಾತು. ಆದರೆ ಹೇಳಿದವರ ಮುಖದಲ್ಲಿ ನಗುವಿರಲಿಲ್ಲ.

ಅವರು ಏಳುವ ಹೊತ್ತಿಗೆ ಇನ್ನೊಂದು ಮಾತನ್ನು ಅಷ್ಟು ಗಮನವಿಲ್ಲದೆ ಹೇಳಿದರು. “ಹೇಗಿದ್ದರೂ ಬಿಡುವುದೇ ಆದಮೇಲೆ ಈ ತರಗತಿಗಳಿಗೆ ಹೋಗಿ ಫಲವೇನು, ನಾಳೆಯಿಂದಲೇ ನಿಲ್ಲಿಸುತ್ತೇನೆ ಎನ್ನುತ್ತಾನೆ.” ವಿಷಯವನ್ನು ಬದಲಾಯಿಸಿದ್ದು ಅಪಾಯವಲ್ಲ, ಈ ಕೊನೆಯ ಮಾತೇ ಅಪಾಯವೆಂದು ನನಗೆ ತೋರಿತು. ಅಂದಿನಿಂದ ಈ ವಿಚಾರವಾಗಿ ನಾನು ತಿಳಿದುಕೊಂಡುದನ್ನು, ಮಕ್ಕಳನ್ನು ಪರದೇಶಕ್ಕೆ ಕಳುಹಿಸಿರುವ ಮತ್ತು ಕಳುಹಿಸಬೇಕೆಂದಿರುವ ಗೃಹಸ್ಥರ ಉಪಯೋಗಕ್ಕಾಗಿ ಇಲ್ಲಿ ಬರೆದಿದ್ದೇನೆ.

ಹಿಂದೆಯೂ ನಡೆದ ಮಾತು

ಮೊದಲು, ಇದು ಹೊಸ ಕಾಲದ ಹುಡುಗರ ಚಪಲವೆಂದು ಭಾವಿಸುವವರು ಜಯಪ್ರಕಾಶ ನಾರಾಯಣರ ವಿದ್ಯಾಭ್ಯಾಸದ ವೃತ್ತಾಂತವನ್ನು ನೆನೆಯಬೇಕು. 1902ರಲ್ಲಿ ಜನಿಸಿದ ಅವರು ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು 1921ರಲ್ಲಿ ಪಾಟ್ನಾದ ಕಾಲೇಜನ್ನು ಬಿಟ್ಟರು. ಮರುವರ್ಷ ಹಡಗನ್ನೇರಿ ಕ್ಯಾಲಿಫೋರ್ನಿಯಾವನ್ನು ಮುಟ್ಟಿದರು. ಪತ್ನಿ ಪ್ರಭಾವತಿಯವರು ಗಾಂಧೀಜಿಯವರ ಆಶ್ರಮದಲ್ಲಿ ಉಳಿದರು. 1923ರ ಆರಂಭದಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯವನ್ನು ಸೇರುವವರೆಗೂ, ಸೇರಿದ ಮೇಲೂ, ಹೊಟ್ಟೆಯ ಪಾಡಿಗಾಗಿ ದ್ರಾಕ್ಷಿಯ ತೋಟಗಳಲ್ಲಿ ಕೂಲಿ ಮಾಡಿದರು. ಹೋಟೆಲುಗಳಲ್ಲಿ ತಟ್ಟೆ ತೊಳೆದರು.

ಅವರು ಓದಲು ಹೋದದ್ದು ವಿಜ್ಞಾನವನ್ನು. ಬರ್ಕ್ಲಿಯಲ್ಲಿ ಶುಲ್ಕವು ಕೈಗೆ ನಿಲುಕದಷ್ಟು ಏರಿದುದರಿಂದ ಅಯೋವಾಕ್ಕೆ ಹೋದರು, ಅಲ್ಲಿಂದ ವಿಸ್ಕಾನ್ಸಿನ್. ಅಲ್ಲಿ ಮಾರ್ಕ್ಸನ ಗ್ರಂಥಗಳ ಪರಿಚಯವಾಗಿ, ಮನುಷ್ಯ ಸಮಾಜವೇ ತನ್ನ ಅಧ್ಯಯನದ ವಸ್ತುವೆಂದು ನಿಶ್ಚಯಿಸಿ ಸಮಾಜಶಾಸ್ತ್ರಕ್ಕೆ ತಿರುಗಿದರು. ಓಹಾಯೋ ರಾಜ್ಯ ವಿಶ್ವವಿದ್ಯಾಲಯದಲ್ಲಿಯೂ ಓದಿ, ಸಮಾಜಶಾಸ್ತ್ರದಲ್ಲಿ ಎಂ.ಎ. ಪದವಿಯನ್ನು ಪಡೆದು 1929ರಲ್ಲಿ ಸ್ವದೇಶಕ್ಕೆ ಮರಳಿದರು. ಏಳು ವರ್ಷ, ನಾಲ್ಕು ವಿಶ್ವವಿದ್ಯಾಲಯ, ಎರಡು ಶಾಸ್ತ್ರ. ಆ ಓದು ವ್ಯರ್ಥವಾಯಿತೆಂದು ಇಂದು ಯಾರೂ ಹೇಳಲಾರರು. ಆದರೆ ಊರಿನಲ್ಲಿದ್ದ ಬಂಧುಗಳಿಗೆ 1925ರಲ್ಲಿ ಅದು ಹೇಗೆ ಕಂಡಿದ್ದೀತೆಂಬುದನ್ನು ನಾವು ಊಹಿಸಿಕೊಳ್ಳಬಹುದು.

ಈ ದೃಷ್ಟಾಂತವನ್ನು ಕೊಡುವಾಗಲೇ ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಜಯಪ್ರಕಾಶರು ತೋಟದಲ್ಲಿ ದುಡಿದು ಓದಿದಂತೆ ಇಂದಿನ ವಿದ್ಯಾರ್ಥಿಯು ದುಡಿಯುವಂತಿಲ್ಲ. ಎಫ್-1 ಎಂಬ ವಿದ್ಯಾರ್ಥಿ ವೀಸಾದ ಮೇಲೆ ಹೋದವನು ಪಾಠಗಳು ನಡೆಯುವ ಕಾಲದಲ್ಲಿ ವಿದ್ಯಾಲಯದ ಆವರಣದೊಳಗೆ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಆವರಣದ ಹೊರಗೆ ಅಪ್ಪಣೆಯಿಲ್ಲದೆ ಕೂಲಿ ಮಾಡಿದರೆ ವಿದ್ಯಾರ್ಥಿಯ ಸ್ಥಾನವೇ ಹೋಗುವುದು. ಅಂದಿನ ಧೈರ್ಯವು ಇಂದಿಗೂ ಬೇಕು; ಅದರ ಜೊತೆಗೆ ಇಂದಿಗೆ ಕಟ್ಟಳೆಯ ಜ್ಞಾನವೂ ಬೇಕು.

ಅಲ್ಲಿಯ ಪದ್ಧತಿ

ನಮ್ಮ ಕಾಲೇಜುಗಳಲ್ಲಿ ಸೇರುವ ದಿನವೇ ಮುಖ್ಯ ವಿಷಯವು ನಿಶ್ಚಿತವಾಗುವುದು ರೂಢಿ. ಅಮೆರಿಕದ ಪದವಿಯ ತರಗತಿಗಳಲ್ಲಿ ಹಾಗಲ್ಲ. ಮೊದಲೆರಡು ವರ್ಷಗಳ ಪಾಠಗಳಲ್ಲಿ ಒಂದು ದೊಡ್ಡ ಭಾಗವು ಎಲ್ಲರಿಗೂ ಸಾಮಾನ್ಯವಾದದ್ದು: ಭಾಷೆ, ಗಣಿತ, ಚರಿತ್ರೆ, ಯಾವುದಾದರೊಂದು ವಿಜ್ಞಾನ, ಯಾವುದಾದರೊಂದು ಸಮಾಜವಿಜ್ಞಾನ. ಹಲವು ವಿದ್ಯಾಲಯಗಳಲ್ಲಿ ಎರಡನೆಯ ವರ್ಷದ ಕೊನೆಯವರೆಗೂ ಮುಖ್ಯ ವಿಷಯವನ್ನು ನಿರ್ಧರಿಸದೆ ಇರಲು ಅವಕಾಶವುಂಟು. ಆದಕಾರಣ ವಿಷಯ ಬದಲಾವಣೆಯು ಅಲ್ಲಿ ಅವಮಾನವೂ ಅಲ್ಲ, ಅಪರೂಪವೂ ಅಲ್ಲ.

ಆದರೆ ಎಲ್ಲ ಬದಲಾವಣೆಗಳೂ ಸಮನಲ್ಲ. ಶಿಲ್ಪಶಾಸ್ತ್ರದಿಂದ ಹೊರಗೆ ಬರುವುದು ಸುಲಭ; ಹೊರಗಿನಿಂದ ಅದರೊಳಕ್ಕೆ ಹೋಗುವುದು ಕಷ್ಟ. ಏಕೆಂದರೆ ಶಿಲ್ಪಶಾಸ್ತ್ರದ ಪಾಠಗಳು ಸರಪಳಿಯಂತೆ ಒಂದಕ್ಕೊಂದು ಕೊಂಡಿಹಾಕಿಕೊಂಡಿವೆ. ಗಣಿತದ ಮೊದಲ ಭಾಗ ಮುಗಿಯದೆ ಎರಡನೆಯದಿಲ್ಲ, ಅದು ಮುಗಿಯದೆ ಬಲವಿಜ್ಞಾನವಿಲ್ಲ, ಅದಿಲ್ಲದೆ ಮುಂದಿನದಿಲ್ಲ. ಚರಿತ್ರೆಯನ್ನು ಓದುತ್ತಿದ್ದವನು ಮೂರನೆಯ ವರ್ಷದಲ್ಲಿ ಯಂತ್ರಶಿಲ್ಪಕ್ಕೆ ಹೋಗಬೇಕೆಂದರೆ ಸರಪಳಿಯ ಮೊದಲ ಕೊಂಡಿಗೇ ಹಿಂತಿರುಗಬೇಕು. ಯಂತ್ರಶಿಲ್ಪದಿಂದ ಭೂವಿಜ್ಞಾನಕ್ಕೆ ಹೋಗುವವನಿಗಾದರೋ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರಗಳು ಕೈಬಿಡುವುದಿಲ್ಲ.

ಇನ್ನೊಂದು ಮುಖ್ಯವಾದ ಮಾತು. ವಿಷಯವನ್ನು ಬದಲಾಯಿಸುವುದು ಬೇರೆ, ವಿಶ್ವವಿದ್ಯಾಲಯವನ್ನು ಬದಲಾಯಿಸುವುದು ಬೇರೆ. ಈಗಿರುವ ವಿದ್ಯಾಲಯದಲ್ಲಿಯೇ ಬೇಕಾದ ವಿಭಾಗವಿದ್ದರೆ ಕೆಲಸವು ಬಹಳ ಹಗುರ: ವಿಭಾಗದ ಒಪ್ಪಿಗೆಯನ್ನು ಪಡೆದು, ವಿದೇಶೀ ವಿದ್ಯಾರ್ಥಿಗಳ ಕಚೇರಿಗೆ ತಿಳಿಸಿ, ಹೊಸ ವಿಷಯವನ್ನು ನಮೂದಿಸಿದ ಪತ್ರವನ್ನು ತೆಗೆದುಕೊಂಡರೆ ಆಯಿತು. ಮನೆಯನ್ನೇ ಬಿಡದೆ ಕೋಣೆಯನ್ನು ಬದಲಾಯಿಸಿದಂತೆ. ಆದುದರಿಂದ ಹಿರಿಯರು ಕೇಳತಕ್ಕ ಮೊದಲನೆಯ ಪ್ರಶ್ನೆ, “ಅಲ್ಲಿಯೇ ಇದ್ದು ಓದಲಾಗದೆ?” ಎಂಬುದು. ಆಗದೆಂದು ಖಚಿತವಾದ ಮೇಲೆ ಮುಂದಿನ ಮಾತು.

ಕ್ರೆಡಿಟ್ಟುಗಳ ಲೆಕ್ಕ

ಅಲ್ಲಿಯ ಓದನ್ನು ಕ್ರೆಡಿಟ್ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಸೆಮಿಸ್ಟರಿನಲ್ಲಿ ವಾರಕ್ಕೆ ಸುಮಾರು ಒಂದು ಗಂಟೆಯ ಪಾಠವೂ ಅದಕ್ಕೆ ತಕ್ಕ ಮನೆಯ ಅಭ್ಯಾಸವೂ ಸೇರಿ ಒಂದು ಕ್ರೆಡಿಟ್. ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ಟುಗಳು ಬೇಕು. ಶಿಲ್ಪಶಾಸ್ತ್ರಕ್ಕೆ ಕೆಲವೆಡೆ ಇನ್ನೂ ಹೆಚ್ಚು. ಕೆಲವು ವಿದ್ಯಾಲಯಗಳು ವರ್ಷವನ್ನು ಸೆಮಿಸ್ಟರುಗಳಿಗೆ ಬದಲಾಗಿ ಕ್ವಾರ್ಟರುಗಳಾಗಿ ವಿಭಾಗಿಸುತ್ತವೆ. ಅಲ್ಲಿಯ 3 ಕ್ರೆಡಿಟ್ಟುಗಳು ಇಲ್ಲಿಯ 2ಕ್ಕೆ ಸಮ. ಇದನ್ನರಿಯದೆ ಲೆಕ್ಕ ಹಾಕಿದವರು ಮೋಸಹೋಗುವುದುಂಟು.

ವಿದ್ಯಾಲಯವನ್ನು ಬಿಟ್ಟು ಹೋಗುವಾಗ ಸಂಪಾದಿಸಿದ ಕ್ರೆಡಿಟ್ಟುಗಳೆಲ್ಲವೂ ಜೊತೆಯಲ್ಲಿ ಬರುತ್ತವೆಂದು ತಿಳಿಯಬಾರದು. ಯಾವುದನ್ನು ಒಪ್ಪಬೇಕು, ಯಾವುದನ್ನು ಒಪ್ಪಬಾರದೆಂಬುದು ಹೊಸ ವಿದ್ಯಾಲಯದ ಅಧಿಕಾರ. ಅಮೆರಿಕದ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ವರದಿಯಂತೆ, 2004ರಿಂದ 2009ರವರೆಗೆ ವಿದ್ಯಾಲಯ ಬದಲಾಯಿಸಿದ ವಿದ್ಯಾರ್ಥಿಗಳು ಸರಾಸರಿಯಲ್ಲಿ ನೂರಕ್ಕೆ ಸುಮಾರು 43 ಕ್ರೆಡಿಟ್ಟುಗಳನ್ನು ಕಳೆದುಕೊಂಡಿದ್ದರು. ಇದು ಸ್ವದೇಶದ ವಿದ್ಯಾರ್ಥಿಗಳನ್ನೂ ಒಳಗೊಂಡ ಅಂದಾಜು. ದಾರಿಯನ್ನು ಬಲ್ಲವರಿಗೇ ಹೀಗಾದರೆ ನಮ್ಮ ಮಕ್ಕಳು ಎಷ್ಟು ಜಾಗರೂಕರಾಗಿರಬೇಕು!

ನಷ್ಟಕ್ಕೆ ಕಾರಣಗಳು ಮೂರು. ಮೊದಲನೆಯದು ಅಂಕ: ಒಂದು ಪಾಠದಲ್ಲಿ ‘ಸಿ’ ದರ್ಜೆಗಿಂತ ಕಡಿಮೆ ಬಂದಿದ್ದರೆ ಬಹುಪಾಲು ವಿದ್ಯಾಲಯಗಳು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡನೆಯದು ಹೊಂದಿಕೆ: ಪಾಠವನ್ನು ಒಪ್ಪಿಕೊಂಡರೂ ಅದು ಹೊಸ ಮುಖ್ಯ ವಿಷಯಕ್ಕೆ ಬೇಕಾದುದಲ್ಲದಿದ್ದರೆ ‘ಐಚ್ಛಿಕ’ವೆಂಬ ಮೂಲೆಗೆ ಸೇರುವುದು, ಕ್ರೆಡಿಟ್ ಉಳಿಯಿತು, ಕಾಲ ಉಳಿಯಲಿಲ್ಲ. ಮೂರನೆಯದು ವಾಸದ ನಿಯಮ: ಪದವಿಯನ್ನು ಕೊಡುವ ವಿದ್ಯಾಲಯವು ಇಂತಿಷ್ಟು ಕ್ರೆಡಿಟ್ಟುಗಳನ್ನಾದರೂ, ಅನೇಕ ಕಡೆ 30ನ್ನು, ತನ್ನಲ್ಲಿಯೇ ಓದಬೇಕೆಂದು ವಿಧಿಸುತ್ತದೆ. ಮೂರನೆಯ ವರ್ಷವನ್ನು ದಾಟಿ ಹೋಗುವವರಿಗೆ ಇದು ಭಾರವಾಗುತ್ತದೆ.

ಇದಕ್ಕೆ ಪರಿಹಾರವೂ ಉಂಟು. ಓದಿದ ಪ್ರತಿಯೊಂದು ಪಾಠದ ವಿವರಪತ್ರವನ್ನು, ಅಂದರೆ ವಾರವಾರದ ವಿಷಯ, ಪಠ್ಯಪುಸ್ತಕ, ಪ್ರಯೋಗಗಳ ಪಟ್ಟಿಯುಳ್ಳ ಕಾಗದವನ್ನು, ಜೋಪಾನವಾಗಿಡಬೇಕು. ಹೆಸರನ್ನು ನೋಡಿ ತಳ್ಳಿಹಾಕಿದ ಪಾಠವನ್ನು ವಿವರಪತ್ರವನ್ನು ನೋಡಿದ ಮೇಲೆ ಒಪ್ಪಿಕೊಳ್ಳುವುದುಂಟು. ಹಳೆಯ ವಿದ್ಯಾಲಯಕ್ಕೆ ಶುಲ್ಕದ ಬಾಕಿಯನ್ನು ಉಳಿಸಬಾರದು; ಬಾಕಿಯಿದ್ದರೆ ಅಂಕಪಟ್ಟಿಯನ್ನು ತಡೆಹಿಡಿಯುವ ಸಂಭವವುಂಟು. ಎಲ್ಲಕ್ಕಿಂತ ಹೆಚ್ಚಾಗಿ, ಯಾವ ಯಾವ ಕ್ರೆಡಿಟ್ಟುಗಳು ಒಪ್ಪಿತವಾದುವು, ಪದವಿಗೆ ಇನ್ನೆಷ್ಟು ಬೇಕು ಎಂಬುದನ್ನು ಹೊಸ ವಿದ್ಯಾಲಯದಿಂದ ಬರಹದಲ್ಲಿ ಪಡೆದ ಮೇಲೆಯೇ ನಿಶ್ಚಯಕ್ಕೆ ಬರತಕ್ಕದ್ದು. ಬಾಯಿಮಾತನ್ನು ನಂಬಿ ಗಂಟುಮೂಟೆ ಕಟ್ಟಬಾರದು.

ಸರ್ಕಾರದ ಕಟ್ಟಳೆ

ಈಗ ಎಲ್ಲರೂ ಎಡವುವ ಭಾಗಕ್ಕೆ ಬರೋಣ. ವಿದೇಶೀ ವಿದ್ಯಾರ್ಥಿಯು ಅಮೆರಿಕದಲ್ಲಿರುವುದು ಒಂದು ನಿರ್ದಿಷ್ಟ ವಿದ್ಯಾಲಯದ ಆಸರೆಯಲ್ಲಿ. ವಿದ್ಯಾಲಯವು ಕೊಡುವ ಐ-20 ಎಂಬ ಪತ್ರದಲ್ಲಿ ಅವನ ವಿಷಯ, ತರಗತಿ, ಮುಗಿಯುವ ದಿನಾಂಕ, ವರ್ಷದ ಖರ್ಚು, ಹಣದ ಮೂಲ ಇವೆಲ್ಲ ಬರೆದಿರುತ್ತವೆ. ಆ ಪತ್ರದ ಹಿಂದೆ ಸೆವಿಸ್ ಎಂಬ ಸರ್ಕಾರಿ ದಫ್ತರವುಂಟು. ಪ್ರತಿಯೊಬ್ಬ ವಿದ್ಯಾರ್ಥಿಗೂ ಅದರಲ್ಲಿ ಒಂದು ಸಂಖ್ಯೆಯೂ ಒಂದು ಕಡತವೂ ಇರುತ್ತವೆ. ವಿದ್ಯಾಲಯವನ್ನು ಬದಲಾಯಿಸುವುದೆಂದರೆ ಸರ್ಕಾರದ ದೃಷ್ಟಿಯಲ್ಲಿ ಈ ಕಡತವು ಒಂದು ವಿದ್ಯಾಲಯದ ಕೈಯಿಂದ ಇನ್ನೊಂದರ ಕೈಗೆ ಹೋಗುವುದು. ಅದು ಎರಡು ಕೈಗಳ ನಡುವೆ ನೆಲಕ್ಕೆ ಬೀಳಬಾರದು; ಕಟ್ಟಳೆಯ ಸಾರವೆಲ್ಲ ಇಷ್ಟೇ.

ಇದರ ಕ್ರಮ ಹೀಗಿದೆ. ಮೊದಲು, ಹಳೆಯ ವಿದ್ಯಾಲಯದಲ್ಲಿ ತಪ್ಪದೆ ಓದುತ್ತಿದ್ದು, ವಿದೇಶೀ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಸರ್ಕಾರದ ಮಾನ್ಯತೆಯುಳ್ಳ ಹೊಸ ವಿದ್ಯಾಲಯದಿಂದ ಪ್ರವೇಶಪತ್ರವನ್ನು ಪಡೆಯಬೇಕು. ಎರಡನೆಯದಾಗಿ, ಅದನ್ನು ಹಳೆಯ ವಿದ್ಯಾಲಯದ ವಿದೇಶೀ ವಿದ್ಯಾರ್ಥಿಗಳ ಅಧಿಕಾರಿಗೆ ತೋರಿಸಿ, ಕಡತವನ್ನು ಬಿಟ್ಟುಕೊಡುವ ಒಂದು ದಿನವನ್ನು ಗೊತ್ತುಮಾಡಿಕೊಳ್ಳಬೇಕು. ಸಾಮಾನ್ಯವಾಗಿ ಈ ದಿನವನ್ನು ಸೆಮಿಸ್ಟರ್ ಮುಗಿದ ಮೇಲೆ ಇಟ್ಟುಕೊಳ್ಳುತ್ತಾರೆ. ಆ ದಿನ ಬರುವವರೆಗೆ ಮನಸ್ಸು ಬದಲಾದರೆ ರದ್ದುಪಡಿಸಬಹುದು. ದಿನವು ಕಳೆದ ಮೇಲೆ ಹಳೆಯ ವಿದ್ಯಾಲಯಕ್ಕೆ ಆ ಕಡತದ ಮೇಲೆ ಅಧಿಕಾರವಿಲ್ಲ. ಮೂರನೆಯದಾಗಿ, ಹೊಸ ವಿದ್ಯಾಲಯದಿಂದ ಹೊಸ ಐ-20 ಪಡೆಯಬೇಕು. ನಾಲ್ಕನೆಯದಾಗಿ, ಹೊಸ ಪಾಠಕ್ರಮ ಆರಂಭವಾದ 15 ದಿನಗಳೊಳಗೆ ಅಲ್ಲಿಯ ಅಧಿಕಾರಿಯ ಮುಂದೆ ಹಾಜರಾಗಿ ಹೆಸರನ್ನು ನೋಂದಾಯಿಸಬೇಕು. ಕಡತ ಬಿಟ್ಟ ದಿನಕ್ಕೂ ಹೊಸ ಪಾಠಗಳ ಆರಂಭಕ್ಕೂ ನಡುವೆ 5 ತಿಂಗಳಿಗಿಂತ ಹೆಚ್ಚು ಅಂತರವಿರಬಾರದು. ಅಷ್ಟರೊಳಗೆ ಬರುವ ಮೊದಲನೆಯ ಪಾಠಾವಧಿಗೇ ಸೇರಬೇಕು.

ಸೆವಿಸ್ ಸಂಖ್ಯೆಯು ಮೊದಲಿನದೇ ಮುಂದುವರಿಯುವುದರಿಂದ ಅದರ ಶುಲ್ಕವನ್ನು ಮತ್ತೆ ಕೊಡಬೇಕಾಗಿಲ್ಲ. ವೀಸಾದ ಅವಧಿಯು ಮುಗಿಯದಿದ್ದರೆ ಅದರ ಮೇಲೆ ಹಳೆಯ ವಿದ್ಯಾಲಯದ ಹೆಸರಿದ್ದರೂ ಬಾಧಕವಿಲ್ಲ. ರಜೆಯಲ್ಲಿ ಊರಿಗೆ ಬಂದು ಹೋಗುವವರು, ಕಡತ ಬಿಟ್ಟ ದಿನವು ಕಳೆದಿದ್ದರೆ, ಹೊಸ ವಿದ್ಯಾಲಯದ ಐ-20 ತೋರಿಸಿ ಒಳಹೋಗಬೇಕು. ಹಳೆಯ ವಿದ್ಯಾಲಯದ ಗ್ರಂಥಾಲಯದಲ್ಲೋ ಭೋಜನಶಾಲೆಯಲ್ಲೋ ಕೆಲಸವಿದ್ದವರು ಕಡತ ಬಿಡುವ ದಿನಕ್ಕೆ ಆ ಕೆಲಸವನ್ನೂ ಬಿಡಬೇಕು, ಕಡತವಿರುವಲ್ಲಿಯೇ ಕೆಲಸ.

ಇನ್ನು ರಾಯರ ಮಗನು ಹೇಳಿದ ಮಾತಿಗೆ ಬರುವೆನು. ಪದವಿಯ ವಿದ್ಯಾರ್ಥಿಯು ಪ್ರತಿ ಸೆಮಿಸ್ಟರಿನಲ್ಲಿಯೂ ಕಡಿಮೆಯೆಂದರೆ 12 ಕ್ರೆಡಿಟ್ಟುಗಳಷ್ಟು ಪಾಠಗಳನ್ನು ಓದಲೇಬೇಕು. ಅಧಿಕಾರಿಯ ಅಪ್ಪಣೆಯಿಲ್ಲದೆ ತರಗತಿಗಳನ್ನು ನಿಲ್ಲಿಸಿದರೆ ಅವನ ಕಡತವನ್ನು ಮುಚ್ಚಿಬಿಡುವರು. ಮುಚ್ಚಿದ ಕಡತವನ್ನು ಸುಲಭವಾಗಿ ವರ್ಗಾಯಿಸಲಾಗದು. ಅಂಥವನಿಗೆ ದೇಶದಲ್ಲಿರಲು ಒಂದು ದಿನದ ಸಾವಕಾಶವೂ ಇಲ್ಲ. ಓದನ್ನು ಪೂರ್ಣವಾಗಿ ಮುಗಿಸಿದವನಿಗೆ 60 ದಿನಗಳ ಅವಕಾಶ. ಅಪ್ಪಣೆ ಪಡೆದು ನಡುವೆ ಬಿಟ್ಟವನಿಗೆ 15 ದಿನ. ಹೇಳದೆ ಬಿಟ್ಟವನಿಗೆ ಏನೂ ಇಲ್ಲ. ಆಮೇಲೆ ಸ್ಥಾನವನ್ನು ಮರಳಿ ಪಡೆಯಲು ಅರ್ಜಿ, ಕಾಯುವಿಕೆ, ವಕೀಲರ ಖರ್ಚು. ಬೇಡವಾದ ಪಾಠವಾದರೂ ಸೆಮಿಸ್ಟರ್ ಮುಗಿಯುವವರೆಗೆ ಕುಳಿತು ಕೇಳಿ ಅಂಕ ಪಡೆಯಬೇಕೆಂಬುದು ಆದುದರಿಂದಲೇ. ಹೊಳೆಯನ್ನು ದಾಟುವ ಮೊದಲೇ ಅಂಬಿಗನನ್ನು ನೂಕಿಬಿಡಬಾರದಷ್ಟೆ?

ಕಾಯಿಲೆಯಿಂದ ಓದಲಾಗದಿದ್ದರೆ ಅದು ಬೇರೆಯ ಮಾತು. ವೈದ್ಯರ ಪತ್ರವನ್ನು ತೋರಿಸಿ ಅಧಿಕಾರಿಯ ಅಪ್ಪಣೆಯನ್ನು ಮುಂಚಿತವಾಗಿ ಪಡೆದರೆ, ಪಾಠಗಳನ್ನು ಕಡಿಮೆ ಮಾಡಿಕೊಳ್ಳಲು, ಪೂರ್ಣವಾಗಿ ನಿಲ್ಲಿಸಲು ಕೂಡ, ಒಂದು ತರಗತಿಯ ಓದಿನಲ್ಲಿ ಒಟ್ಟು 12 ತಿಂಗಳವರೆಗೆ ಅವಕಾಶವುಂಟು. ಮನಸ್ಸಿನ ಕಾಯಿಲೆಯೂ ಕಾಯಿಲೆಯೇ ಎಂಬುದನ್ನು ನಮ್ಮ ಹಿರಿಯರು ಮರೆಯಬಾರದು.

ಈ ಕಟ್ಟಳೆಗಳು ಶಾಶ್ವತವಲ್ಲವೆಂಬುದನ್ನೂ ಹೇಳಬೇಕು. 2025ರ ಆಗಸ್ಟಿನಲ್ಲಿ ಅಲ್ಲಿಯ ಸರ್ಕಾರವು ಒಂದು ಕರಡು ನಿಯಮವನ್ನು ಪ್ರಕಟಿಸಿ, ಪದವಿಯ ವಿದ್ಯಾರ್ಥಿಗಳು ಮೊದಲ ವರ್ಷವನ್ನು ಸೇರಿದ ವಿದ್ಯಾಲಯದಲ್ಲಿಯೇ ಮುಗಿಸಬೇಕೆಂದೂ, ಅದಕ್ಕೂ ಮೇಲಿನ ತರಗತಿಯವರು ಓದಿನ ನಡುವೆ ಪಾಠಕ್ರಮವನ್ನು ಬದಲಾಯಿಸಬಾರದೆಂದೂ ಸೂಚಿಸಿತು. ಆದುದರಿಂದ ಹಿಂದಿನ ವರ್ಷ ಹೋದ ಗೆಳೆಯನ ಅನುಭವವನ್ನಾಗಲಿ, ಈ ಲೇಖನವನ್ನಾಗಲಿ ಕೊನೆಯ ಪ್ರಮಾಣವೆಂದು ಹಿಡಿಯದೆ, ಹೆಜ್ಜೆ ಇಡುವ ದಿನ ವಿದ್ಯಾಲಯದ ಅಧಿಕಾರಿಯನ್ನೇ ಕೇಳತಕ್ಕದ್ದು. ಅದಕ್ಕಾಗಿ ಅವರು ಶುಲ್ಕವನ್ನು ಕೇಳುವುದಿಲ್ಲ.

ಹಣದ ಮಾತು

ವಿದ್ಯಾಲಯವು ಬದಲಾದಾಗ ಹಣದ ಲೆಕ್ಕವೂ ಹೊಸದಾಗುತ್ತದೆ. ಹಳೆಯ ವಿದ್ಯಾಲಯವು ಕೊಡುತ್ತಿದ್ದ ವಿದ್ಯಾರ್ಥಿವೇತನವು ಜೊತೆಯಲ್ಲಿ ಬರುವುದಿಲ್ಲ. ಹೊಸದಾಗಿ ಸೇರುವವರಿಗೆ ಮೀಸಲಾದ ಅನೇಕ ಸಹಾಯಗಳು ನಡುವೆ ಬಂದವರಿಗೆ ದೊರೆಯುವುದಿಲ್ಲ. ಹೊಸ ಐ-20 ಕೊಡುವ ಮೊದಲು ಖರ್ಚಿಗೆ ಹಣವುಂಟೆಂಬ ಪುರಾವೆಯನ್ನು ಮತ್ತೆ ತೋರಿಸಬೇಕು. ಇಲ್ಲಿಯ ಬ್ಯಾಂಕು ಸಾಲವನ್ನು ಮಂಜೂರು ಮಾಡಿದ್ದು ಒಂದು ಗೊತ್ತಾದ ವಿದ್ಯಾಲಯದ ಒಂದು ಗೊತ್ತಾದ ಓದಿಗೆ. ಬದಲಾವಣೆಯನ್ನು ಬ್ಯಾಂಕಿಗೆ ಮೊದಲೇ ತಿಳಿಸಿ ಒಪ್ಪಿಗೆಯನ್ನು ಪಡೆಯದಿದ್ದರೆ ಮುಂದಿನ ಕಂತು ನಿಂತುಹೋದೀತು. ಓದು ಆರು ತಿಂಗಳು ಬೆಳೆದರೆ ಬಡ್ಡಿಯೂ ಆರು ತಿಂಗಳು ಬೆಳೆಯುವುದು. ಇವನ್ನೆಲ್ಲ ಮುಚ್ಚುಮರೆಯಿಲ್ಲದೆ ಒಂದು ಕಾಗದದ ಮೇಲೆ ಬರೆದು ತಂದೆ, ತಾಯಿ, ಮಗ ಮೂವರೂ ನೋಡಬೇಕು. ಬರೆದ ಅಂಕಿಯು ಊಹೆಯ ಅಂಕಿಗಿಂತ ಸಾಮಾನ್ಯವಾಗಿ ಚಿಕ್ಕದಾಗಿರುತ್ತದೆ.

ಪದವಿಯ ಮೇಲಿನ ಓದು

ಎಂ.ಎಸ್., ಪಿಎಚ್.ಡಿ. ತರಗತಿಗಳಲ್ಲಿ ಸ್ಥಿತಿ ಬೇರೆ. ಅಲ್ಲಿ ಕ್ರೆಡಿಟ್ಟುಗಳು ಕೆಲವೇ. ಬೇರೆ ವಿದ್ಯಾಲಯವು ಅವುಗಳಲ್ಲಿ ಒಪ್ಪುವುದು ಬೆರಳೆಣಿಕೆಯಷ್ಟು. ವಿಷಯವೂ ಬದಲಾದರೆ ಬಹುಮಟ್ಟಿಗೆ ಮೊದಲಿನಿಂದ ಆರಂಭಿಸಿದಂತೆಯೇ. ಆದರೂ ಆರಂಭಿಸಿ ಗೆದ್ದವರುಂಟು. ಚಿದಂಬರದಲ್ಲಿ ಜನಿಸಿದ ವೆಂಕಟರಾಮನ್ ರಾಮಕೃಷ್ಣನ್ ಅವರು ಬರೋಡದಲ್ಲಿ ಭೌತಶಾಸ್ತ್ರವನ್ನು ಓದಿ, 1976ರಲ್ಲಿ ಓಹಾಯೋ ವಿಶ್ವವಿದ್ಯಾಲಯದಿಂದ ಅದೇ ಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದರು. ಪಡೆದ ಮೇಲೆ, ತಮ್ಮ ಮನಸ್ಸು ಜೀವವಿಜ್ಞಾನದಲ್ಲಿದೆಯೆಂದು ಕಂಡು, ಸ್ಯಾನ್ ಡಿಯಾಗೋದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. ಡಾಕ್ಟರ್ ಪದವಿ ಕೈಯಲ್ಲಿದ್ದವರು ಹೊಸಬರ ಜೊತೆಯಲ್ಲಿ ಪಾಠ ಕೇಳುವುದೆಂದರೆ ಸಣ್ಣ ಮಾತಲ್ಲ. ಜೀವಕೋಶದಲ್ಲಿ ಪ್ರೋಟೀನುಗಳನ್ನು ನಿರ್ಮಿಸುವ ರೈಬೋಸೋಮಿನ ರಚನೆಯನ್ನು ಕಂಡುಹಿಡಿದುದಕ್ಕಾಗಿ 2009ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ಅವರಿಗೂ ಇನ್ನಿಬ್ಬರಿಗೂ ದೊರೆಯಿತು.

ಎಲ್ಲರಿಗೂ ನೊಬೆಲ್ ಬರುವುದಿಲ್ಲ. ಆದರೆ ಅವರು ಮೊದಲ ಓದನ್ನು ಅರ್ಧಕ್ಕೆ ಎಸೆದು ಹೋಗಲಿಲ್ಲ, ಮುಗಿಸಿ ಹೋದರು. ನಮ್ಮ ಮಕ್ಕಳು ಕಲಿಯತಕ್ಕದ್ದು ಅದನ್ನು.

ಹಿರಿಯರು ವಿಚಾರಿಸತಕ್ಕದ್ದು

ವಿಷಯವನ್ನು ಬದಲಾಯಿಸುತ್ತೇನೆಂಬ ಮಾತಿನ ಹಿಂದೆ ಎರಡು ಬಗೆಯ ಕಾರಣಗಳಿರಬಹುದು. ಒಂದು, ಹೊಸ ವಿಷಯದ ಮೇಲಿನ ಪ್ರೀತಿ. ಇನ್ನೊಂದು, ಹಳೆಯದರ ಮೇಲಿನ ಭಯ. ಪ್ರೀತಿಯಿಂದ ಹೋಗುವವನು ಹೊಸ ವಿಷಯದ ಪಾಠವನ್ನು ಒಂದೆರಡಾದರೂ ಓದಿ ಒಳ್ಳೆಯ ಅಂಕಗಳನ್ನು ಪಡೆದಿರುತ್ತಾನೆ. ಅದರ ಉಪಾಧ್ಯಾಯರೊಡನೆ ಮಾತನಾಡಿರುತ್ತಾನೆ. ಮುಂದೆ ಆ ಓದಿನಿಂದ ಏನು ಮಾಡಬಹುದೆಂಬುದನ್ನು ಹೇಳಬಲ್ಲವನಾಗಿರುತ್ತಾನೆ. ಭಯದಿಂದ ಹೋಗುವವನಿಗೆ ಎಲ್ಲಿಗೆ ಹೋಗಬೇಕೆಂಬುದು ಸ್ಪಷ್ಟವಿರುವುದಿಲ್ಲ. ಎಲ್ಲಿಂದ ಹೋಗಬೇಕೆಂಬುದು ಮಾತ್ರ ಸ್ಪಷ್ಟ. ಅಂಥವನಿಗೆ ವಿದ್ಯಾಲಯದ ಬದಲಾವಣೆಯು ಔಷಧವಲ್ಲ. ಅವನನ್ನು ಬಯ್ಯುವುದೂ ಔಷಧವಲ್ಲ. ಒಂಟಿತನವೋ, ಊಟ ನಿದ್ರೆಗಳ ಕೇಡೋ, ಪಾಠ ಅರ್ಥವಾಗದ ಸಂಕಟವೋ ಎಂಬುದನ್ನು ಮೊದಲು ತಿಳಿಯಬೇಕು.

ಈ ಭೇದವನ್ನು ತಿಳಿಯುವುದರಲ್ಲಿ ತಂದೆಯರಿಗಿಂತ ತಾಯಂದಿರು ಚತುರರು. ರಾಯರ ಮನೆಯಾಕೆಯು ಆ ರಾತ್ರಿ ಮಗನೊಡನೆ ಮಾತನಾಡುವಾಗ ಶಾಸ್ತ್ರದ ಮಾತನ್ನೇ ಎತ್ತಲಿಲ್ಲವಂತೆ. “ಊಟ ಏನು ಮಾಡಿದೆ? ರಾತ್ರಿ ನಿದ್ದೆ ಬರುತ್ತದೆಯೇ?” ಎಂದು ಕೇಳಿ, ಆಮೇಲೆ, “ಆ ಕಲ್ಲಿನ ಪಾಠದಲ್ಲಿ ಏನು ಹೇಳಿಕೊಡುತ್ತಾರಪ್ಪಾ?” ಎಂದರಂತೆ. ಹುಡುಗನು ಮುಕ್ಕಾಲು ಗಂಟೆ ಹೇಳಿದನು. ನಮ್ಮ ಊರಿನ ಸುತ್ತಲಿನ ಬಂಡೆಗಳು ಭೂಮಿಯ ಅತಿ ಪುರಾತನ ಶಿಲೆಗಳಲ್ಲಿ ಸೇರಿದವೆಂದೂ, ಕೆಲವು ಮುನ್ನೂರು ಕೋಟಿ ವರ್ಷಗಳಿಗೂ ಹಳೆಯವೆಂದೂ, ತಾನು ಅವುಗಳ ಮೇಲೆ ಆಡಿ ಬೆಳೆದೂ ತಿಳಿಯಲಿಲ್ಲವೆಂದೂ, ನೆಲದೊಳಗಿನ ನೀರು ಬಂಡೆಯ ಯಾವ ಬಿರುಕಿನಲ್ಲಿ ನಿಲ್ಲುವುದೆಂಬುದನ್ನು ಈ ಶಾಸ್ತ್ರದಿಂದ ಅರಿಯಬಹುದೆಂದೂ ವಿವರಿಸಿದನು. ಮಾತು ಮುಗಿದ ಮೇಲೆ ಆಕೆಯು ಗಂಡನಿಗೆ, “ಇವನು ಓಡಿಹೋಗುತ್ತಿಲ್ಲ, ಹೋಗುತ್ತಿದ್ದಾನೆ” ಎಂದಷ್ಟೇ ಹೇಳಿದರಂತೆ.

ಮರುದಿನ ನಾವು ಮೂವರೂ ಕುಳಿತು ಲೆಕ್ಕವನ್ನು ಬರೆದೆವು. ಹುಡುಗನಿಗೆ ತರಗತಿಗಳನ್ನು ಬಿಡಬಾರದೆಂದು ಖಂಡಿತವಾಗಿ ಹೇಳಲಾಯಿತು. ಅವನು ಮರುದಿನವೇ ವಿದೇಶೀ ವಿದ್ಯಾರ್ಥಿಗಳ ಕಚೇರಿಗೆ ಹೋಗಿ ಕೇಳಿ, ತಾನು ಮಾಡಲಿದ್ದ ತಪ್ಪು ಎಂಥದೆಂದು ತಿಳಿದು ಬೆಚ್ಚಿದನು. ಮೇ ತಿಂಗಳಿನಲ್ಲಿ ಸೆಮಿಸ್ಟರ್ ಮುಗಿಯುವಾಗ ಅವನ ಲೆಕ್ಕದಲ್ಲಿ 58 ಕ್ರೆಡಿಟ್ಟುಗಳಿದ್ದುವು. ಹೊಸ ವಿದ್ಯಾಲಯವು ಮೊದಲು 39ನ್ನು ಒಪ್ಪಿತು. ಪ್ರಯೋಗಪಾಠದ ವಿವರಪತ್ರವನ್ನು ಕಳುಹಿಸಿದ ಮೇಲೆ 43ಕ್ಕೆ ಏರಿಸಿತು. 120ರಲ್ಲಿ ಉಳಿದದ್ದು 77. ನಾಲ್ಕು ಸೆಮಿಸ್ಟರಿನ ಕೆಲಸವು ಐದಾಯಿತು. ಎರಡು ವರ್ಷ ಹೋಯಿತೆಂದು ರಾಯರು ಅಳುತ್ತಿದ್ದ ಕಡೆ, ನಿಜವಾಗಿ ಹೋದದ್ದು ಆರು ತಿಂಗಳು. ಕಡತವು ಮೇ ಕೊನೆಯಲ್ಲಿ ಕೈ ಬದಲಾಯಿಸಿತು. ಆಗಸ್ಟಿನಲ್ಲಿ ಹೊಸ ಪಾಠಗಳು ಮೊದಲಾದುವು.

ಆರು ತಿಂಗಳ ಖರ್ಚು ಮತ್ತು ಬಡ್ಡಿ ಸಣ್ಣ ಮೊತ್ತವಲ್ಲ. ಮನೆಯ ಪತ್ರಗಳು ಇನ್ನೂ ಬ್ಯಾಂಕಿನಲ್ಲಿಯೇ ಇವೆ. ರಾಯರು ತಾವು ಕೊಳ್ಳಬೇಕೆಂದಿದ್ದ ವಾಹನವನ್ನು ಮುಂದೆ ಹಾಕಿದ್ದಾರೆ. ಇದನ್ನೆಲ್ಲ ಮರೆಸಿ, ಬದಲಾವಣೆಯಿಂದ ಲಾಭವೇ ಆಯಿತೆಂದು ನಾನು ಬರೆಯಲಾರೆನು. ಆದರೆ ನಷ್ಟವು ಎಷ್ಟೆಂದು ಗೊತ್ತಿರುವ ಮನೆಯಲ್ಲಿ ನಿದ್ರೆ ಬರುತ್ತದೆ. ಗೊತ್ತಿಲ್ಲದ ಮನೆಯಲ್ಲಿ ಬರುವುದಿಲ್ಲ.

ಹೋದ ವಾರ ರಾಯರು ಮತ್ತೆ ಜಗಲಿಗೆ ಬಂದಿದ್ದರು. ಈ ಸಲ ಕಾಫಿಯನ್ನು ಬಿಸಿಯಾಗಿಯೇ ಕುಡಿದರು. ಅಂಗಳದಲ್ಲಿ ಬಟ್ಟೆ ಒಗೆಯುವ ಕಲ್ಲನ್ನು ಸ್ವಲ್ಪ ಹೊತ್ತು ನೋಡುತ್ತಿದ್ದು, “ಮೇಷ್ಟ್ರೇ, ಇದು ಎಷ್ಟು ಹಳೆಯದೆಂದು ಗೊತ್ತೇ?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅವರೇ ಹೇಳಿದರು.